ಪರದೆ ಓದುತ್ತಿದೆ, ಮಗು ಕೇಳುತ್ತಿದೆ

ಸ್ಮಾರ್ಟ್ ಕ್ಲಾಸ್‌ನ ಪರದೆಯ ಮೇಲೆ ಇಂಗ್ಲಿಷ್ ಕಥೆ ಶುರುವಾದರೆ ಪದಗಳು ಒಂದೊಂದಾಗಿ ಹಳದಿಯಾಗುತ್ತವೆ, ಒಳಗಿನ ಧ್ವನಿ ಅವನ್ನು ಉಚ್ಚರಿಸುತ್ತದೆ, ಚಿತ್ರದ ನರಿ ಓಡುತ್ತದೆ, ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ನೋಡಿದವರಿಗೆ ಇಡೀ ತರಗತಿಯೇ ಓದುತ್ತಿದೆ ಎನಿಸುತ್ತದೆ. ಧ್ವನಿ ನಿಲ್ಲಿಸಿ, ಅದೇ ವಾಕ್ಯವನ್ನು ಒಂದು ಮಗುವಿನ ಕೈಲಿ ಓದಿಸಿದಾಗಲೇ ನಿಜ ತಿಳಿಯುವುದು. ಹೀಗೆ ಓದಿ ಹೇಳುವ ತಂತ್ರಾಂಶಗಳು ಶಾಲೆಗಳಲ್ಲಿ ಬೇರೂರುವ ಮುನ್ನವೇ ಈ ಪರೀಕ್ಷೆ ನಡೆಯಬೇಕು. ತಡವಾದರೆ ಕೇಳಿದ್ದನ್ನೇ ಓದಿದ್ದೆಂದು ನಂಬಿದ ಒಂದು ತಲೆಮಾರು ಪ್ರೌಢಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಕರ್ನಾಟಕದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಅಂಥಲ್ಲಿ ತಾನಾಗಿ ಓದಿ ಹೇಳುವ ಪರದೆ ಸಿಕ್ಕರೆ ಶಿಕ್ಷಕಿಗೆ ಉಸಿರಾಡಲು ಬಿಡುವು ಸಿಕ್ಕಂತೆ. ಅವರನ್ನು ದೂರುವುದು ಅನ್ಯಾಯ.

ಓದು ಎಂದರೆ ಅಕ್ಷರದಿಂದ ಪದ ಬಿಡಿಸುವ ಶಕ್ತಿ ಮತ್ತು ಭಾಷೆ ತಿಳಿಯುವ ಶಕ್ತಿಗಳ ಗುಣಲಬ್ಧ ಎಂದು ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ವಾದಿಸಿದರು. ಇಲ್ಲಿರುವುದು ಕೂಡಿಕೆಯಲ್ಲ, ಗುಣಾಕಾರ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ಮಾತನಾಡುವ ತಂತ್ರಾಂಶದಲ್ಲಿ ಪದ ಬಿಡಿಸುವ ಕೆಲಸವನ್ನು ಧ್ವನಿ ಮಾಡಿಬಿಡುತ್ತದೆ, ಅರ್ಥ ಊಹಿಸುವ ಕೆಲಸವನ್ನು ಚಿತ್ರ ಮಾಡಿಬಿಡುತ್ತದೆ. ಮಗುವಿಗೆ ಉಳಿಯುವುದೇನು? ಕನ್ನಡದಲ್ಲಿ ಅಕ್ಷರ, ಕಾಗುಣಿತ, ಒತ್ತಕ್ಷರ ಕಲಿತ ಮಗು ಹೊಸ ಪದವನ್ನೂ ಧೈರ್ಯವಾಗಿ ಉಚ್ಚರಿಸುತ್ತದೆ. ಇಂಗ್ಲಿಷ್‌ನಲ್ಲಿ ಆ ಭರವಸೆ ಇಲ್ಲ. 'ಥ್ರೂ', 'ದೋ', 'ಟಫ್' ಮೂರೂ ಕೊನೆಗೊಳ್ಳುವುದು ಅವೇ ನಾಲ್ಕು ಅಕ್ಷರಗಳಲ್ಲಿ (ough). ಇದನ್ನು ಕಲಿಯಲು ತಡವರಿಸಬೇಕು, ನಿಲ್ಲಬೇಕು, ಹಿಂದಕ್ಕೆ ಹೋಗಬೇಕು. ಹಳದಿ ಪಟ್ಟಿ ಯಾರಿಗೂ ಕಾಯುವುದಿಲ್ಲ.

ಬಹುಮಾಧ್ಯಮವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿಯುತ್ತಿದ್ದವರು ಪದದ ಅರ್ಥದ ಜೊತೆ ಚಿತ್ರವನ್ನೂ ನೋಡಿದಾಗ ಆ ಪದಗಳನ್ನು ಹೆಚ್ಚು ನೆನಪಿಟ್ಟುಕೊಂಡರು ಎಂದು ಸಂಶೋಧಕರಾದ ಚುನ್ ಮತ್ತು ಪ್ಲಾಸ್ 1996ರಲ್ಲಿ ತೋರಿಸಿದರು. ಆದರೆ ಅವರು ಓದು ಬಲ್ಲ ವಯಸ್ಕರು, ಬೇಕೆಂದಾಗ ಮಾತ್ರ ಪದ ಒತ್ತಿ ಅರ್ಥ ನೋಡುತ್ತಿದ್ದರು. ನಮ್ಮಲ್ಲೂ ಸಂಶೋಧಕ ಬ್ರಿಜ್ ಕೊಠಾರಿ ಟಿವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಸಾಲುಗಳನ್ನು ಓಡಿಸಿ ಓದಿನ ರೂಢಿ ಬೆಳೆಸಲು ಶ್ರಮಿಸಿದ್ದಾರೆ. ಅಲ್ಲಿ ನೋಡುಗರಿಗೆ ಭಾಷೆ ಗೊತ್ತು, ಹಾಡು ಬಾಯಿಪಾಠ, ಕೊರತೆ ಅಕ್ಷರದ್ದು ಮಾತ್ರ. ಹಳ್ಳಿಯ ಎರಡನೇ ತರಗತಿಯ ಮಗುವಿಗೆ ಇಂಗ್ಲಿಷ್‌ನ ಅಕ್ಷರವೂ ಹೊಸದು, ಮಾತೂ ಹೊಸದು. ಅಲ್ಲಿ ಫಲಿಸಿದ್ದು ಇಲ್ಲಿ ತಾನಾಗಿ ಫಲಿಸುತ್ತದೆ ಎಂದುಕೊಳ್ಳುವುದೇ ಅಪಾಯ.

ಅರ್ಥವಿಲ್ಲದ ಓದಿನ ಲಕ್ಷಣಗಳು ಈಗಾಗಲೇ ಇವೆ. 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ 2023ರ ಅಸರ್ ಶಿಕ್ಷಣ ಸಮೀಕ್ಷೆಯಲ್ಲಿ, 14ರಿಂದ 18 ವಯಸ್ಸಿನವರಲ್ಲಿ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3. ಓದಿದವರಲ್ಲೂ ಸುಮಾರು ಕಾಲು ಭಾಗ ಅರ್ಥ ಹೇಳಲಾರದೆ ಹೋದರು. ಇದಕ್ಕೆ ತಂತ್ರಾಂಶ ಕಾರಣ ಎನ್ನಲಾಗದು. ಆದರೆ ಬಾಯಲ್ಲಿ ಓದು ಬಂದು ತಲೆಗೆ ಅರ್ಥ ಬಾರದ ಈ ಬಿರುಕನ್ನು ಒಕ್ಕೊರಲಿನ ಓದು ಇನ್ನಷ್ಟು ಮುಚ್ಚಿಡುತ್ತದೆ.

ನಮಗೆ ಹೆಚ್ಚು ಅಂಜಿಕೆ ಇರುವುದು ವರದಿಗಳ ಬಗ್ಗೆ. ತಂತ್ರಾಂಶ ಎಷ್ಟು ನಿಮಿಷ ತೆರೆದಿತ್ತು, ಎಷ್ಟು ಕಥೆ ಮುಗಿದವು ಎಂಬ ಲೆಕ್ಕ ಸಲೀಸಾಗಿ ಸಿಗುತ್ತದೆ. ಸಲೀಸಾಗಿ ಸಿಕ್ಕಿದ್ದೇ ಮೇಲಧಿಕಾರಿಗಳಿಗೆ ಸಾಧನೆಯಾಗಿ ಹೋಗುತ್ತದೆ. ಖರೀದಿಗೆ ಮುನ್ನ ಇಲಾಖೆ ಕೇಳಲೇಬೇಕು: ಧ್ವನಿಯನ್ನು ನಿಲ್ಲಿಸಬಹುದೇ? ವೇಗ ಮಗುವಿನ ಕೈಯಲ್ಲಿದೆಯೇ? ಪದ ಒತ್ತಿದರೆ ಕನ್ನಡದಲ್ಲಿ ಅರ್ಥ ಬರುತ್ತದೆಯೇ? ಶಾಲೆಗೆ ಬರುವ ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕಂಪ್ಯೂಟರಿನ ಲೆಕ್ಕ ನೋಡುವ ಬದಲು ಅಚ್ಚಾದ ಒಂದು ಪುಟ ತೆಗೆದು ನಾಲ್ಕು ಮಕ್ಕಳಿಂದ ಬೇರೆಬೇರೆಯಾಗಿ ಓದಿಸಲಿ, ಓದಿದ್ದನ್ನು ಕನ್ನಡದಲ್ಲಿ ಹೇಳಿಸಲಿ, ಅದನ್ನೇ ವರದಿಯಲ್ಲಿ ಬರೆಯಲಿ.