ಪಾಲುದಾರನೆನಿಸಿಕೊಂಡ ಕೂಲಿಕಾರ

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದ ತಾಮ್ರ ಮತ್ತು ತವರದ ಗಣಿಗಳನ್ನು ಕುರಿತು ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಒಂದು ಪ್ರಶಂಸೆಯ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿಯ ಗಣಿಗಾರನು ಬರಿಯ ಕೂಲಿಯಾಳಲ್ಲ, ಉದ್ಯಮದ ಪಾಲುದಾರ ಎಂಬುದೇ ಆ ಮಾತು. 1832ರಲ್ಲಿ ಚಾರ್ಲ್ಸ್ ಬ್ಯಾಬೇಜ್ ಅವರು ಈ ಪದ್ಧತಿಯನ್ನು ಇತರ ಉದ್ಯಮಗಳಿಗೂ ಮೇಲ್ಪಂಕ್ತಿಯೆಂದು ತೋರಿಸಿದರು. 1848ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಅವರೂ ತಮ್ಮ ಅರ್ಥಶಾಸ್ತ್ರದ ಮಹಾಗ್ರಂಥದಲ್ಲಿ ಇದನ್ನು ಕೊಂಡಾಡಿದರು. ಇವರಿಬ್ಬರೂ ಸಾಮಾನ್ಯ ಪಂಡಿತರಲ್ಲ. ಆದರೂ ಜಮಾ ಖರ್ಚಿನ ಪುಸ್ತಕವನ್ನು ಓದಬಲ್ಲ ಯಾರೂ ಈ ಪ್ರಶಂಸೆಯನ್ನು ಒಪ್ಪಲಾಗದು ಎಂಬುದು ನನ್ನ ವಾದ.

ಆ ಪದ್ಧತಿ ಹೀಗಿತ್ತು. ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಗಣಿಯ ಮೇಲ್ವಿಚಾರಕನು ಕಚೇರಿಯ ಮುಂದೆ ನಿಂತು, ಭೂಗರ್ಭದ ಒಂದೊಂದು ಭಾಗವನ್ನೂ ಹರಾಜಿಗಿಡುತ್ತಿದ್ದನು. ನಮ್ಮಲ್ಲಿ ಹರಾಜೆಂದರೆ ಬೆಲೆ ಏರುತ್ತದೆ, ಅಲ್ಲಿ ಇಳಿಯುತ್ತಿತ್ತು. ತೆಗೆದ ಅದಿರಿನ ಬೆಲೆಯಲ್ಲಿ ಪ್ರತಿ ಪೌಂಡಿಗೆ ಅತ್ಯಂತ ಕಡಿಮೆ ಷಿಲಿಂಗುಗಳಿಗೆ ಒಪ್ಪಿದ ತಂಡಕ್ಕೆ ಆ ಭಾಗ ಸಲ್ಲುತ್ತಿತ್ತು. ಉರಿಸುವ ಮೇಣದ ಬತ್ತಿ, ಸಿಡಿಸುವ ಮದ್ದು, ಉಳಿಗಳನ್ನು ಹದಗೊಳಿಸಿದ ಕೂಲಿ, ಇವೆಲ್ಲವೂ ಗಣಿಗಾರನ ಲೆಕ್ಕದಿಂದಲೇ ಕಳೆಯತಕ್ಕವು. ಅದಿರು ಮಾರಾಟವಾಗುವವರೆಗೆ ಮನೆ ನಡೆಯಬೇಕಲ್ಲ? ಅದಕ್ಕೆ ಗಣಿಯೇ ಮುಂಗಡ ಕೊಡುತ್ತಿತ್ತು. ಆ ಮುಂಗಡವೂ ಕಡೆಗೆ ಅದೇ ಲೆಕ್ಕದಲ್ಲಿ ಮುರಿದುಕೊಳ್ಳತಕ್ಕದ್ದು. ಅದೃಷ್ಟವಿದ್ದು ಒಳ್ಳೆಯ ಅದಿರಿನ ಎಳೆ ಸಿಕ್ಕಿದರೆ ಎರಡು ತಿಂಗಳು ಕೈತುಂಬ ಹಣ. ಆದರೆ ಮುಂದಿನ ಹರಾಜಿನಲ್ಲಿ ಅದೇ ಸ್ಥಳದ ದರವನ್ನು ಮೇಲ್ವಿಚಾರಕನು ತಗ್ಗಿಸುತ್ತಿದ್ದನು. ಎಳೆ ಬರಡಾದರೆ ಎರಡು ತಿಂಗಳ ದುಡಿಮೆ ಸಾಲದಲ್ಲಿ ಮುಗಿಯುತ್ತಿತ್ತು.

ಇದನ್ನು ಪಾಲುದಾರಿಕೆ ಎನ್ನಬಹುದೇ? ಪಾಲುದಾರನಾದವನಿಗೆ ಪುಸ್ತಕವನ್ನು ನೋಡುವ ಹಕ್ಕುಂಟು, ಆಸ್ತಿಯಲ್ಲಿ ಅಂಶವುಂಟು, ಸಭೆಯಲ್ಲಿ ಮಾತುಂಟು. ಈ ಗಣಿಗಾರನಿಗೆ ಇವು ಮೂರರಲ್ಲಿ ಒಂದೂ ಇರಲಿಲ್ಲ. ನಷ್ಟದ ಪಾಲು ಮಾತ್ರ ತಪ್ಪದೆ ಸಲ್ಲುತ್ತಿತ್ತು. ಕೆಲವು ಗಣಿಗಾರರು ಬೇರೆಯವರ ಒಳ್ಳೆಯ ಅದಿರನ್ನು ತಮ್ಮ ರಾಶಿಗೆ ಬೆರೆಸಿ ಮೋಸಮಾಡುತ್ತಿದ್ದರೆಂದು ಮಾಲೀಕರು ಬಹಳವಾಗಿ ದೂರಿದ್ದಾರೆ. ಮೋಸ ಮೋಸವೇ, ನಾನು ಸಮರ್ಥಿಸಲಾರೆ. ಆದರೆ ಪುಸ್ತಕ ತೋರಿಸದ ಪಾಲುದಾರಿಕೆಯಲ್ಲಿ ಪ್ರಾಮಾಣಿಕತೆ ಒಂದು ಕಡೆಯವರಿಗೆ ಮಾತ್ರ ವಿಧಿಸತಕ್ಕ ವ್ರತವೇ?

ಇನ್ನು ನಿಜವಾದ ಪಾಲುದಾರರ ಪುಸ್ತಕವನ್ನು ನೋಡೋಣ. ಬಹುಪಾಲು ಗಣಿಗಳು 19ನೆಯ ಶತಮಾನದಲ್ಲಿ ‘ಕಾಸ್ಟ್ ಬುಕ್’ ಎಂಬ ಲೆಕ್ಕದ ಪದ್ಧತಿಯಲ್ಲಿ ನಡೆಯುತ್ತಿದ್ದವು. ಎರಡು ಮೂರು ತಿಂಗಳಿಗೊಮ್ಮೆ ಪಾಲುದಾರರು ಸೇರಿ, ಲೆಕ್ಕ ಮುಗಿಸಿ, ಉಳಿದ ಲಾಭವನ್ನು ಅಲ್ಲಿಯೇ ಹಂಚಿಕೊಳ್ಳುತ್ತಿದ್ದರು. ಕಾಯ್ದಿಟ್ಟ ನಿಧಿಯಿಲ್ಲ, ಸವಕಳಿಗೆ ಹಣವಿಲ್ಲ. ಯಂತ್ರ ಸವೆಯುತ್ತದೆ, ಮರ ಕೊಳೆಯುತ್ತದೆ, ಕಬ್ಬಿಣ ದಣಿಯುತ್ತದೆ ಎಂಬುದು ಆ ಪುಸ್ತಕಕ್ಕೆ ಗೊತ್ತಿರಲಿಲ್ಲ. ಮನುಷ್ಯನು ದಣಿಯುತ್ತಾನೆಂಬುದಂತೂ ಅದರ ಯಾವ ಕಲಮಿನಲ್ಲಿಯೂ ಬರುವಂತಿರಲಿಲ್ಲ.

ಈ ಮನೋಧರ್ಮದ ಫಲವನ್ನು ಲೆವಾಂಟ್ ಗಣಿಯಲ್ಲಿ ಕಾಣಬಹುದು. ಸೇಂಟ್ ಜಸ್ಟ್ ಬಳಿಯ ಕಡಲ ಬಂಡೆಗಳ ಮೇಲಿರುವ ಈ ಗಣಿಯ ಕಂಪನಿ 1820ರಲ್ಲಿ ಆರಂಭವಾಯಿತು. ಮೊದಲು ತಾಮ್ರ, ಅನಂತರ ತವರ, ಜೊತೆಗೆ ಪಾಷಾಣ. ಸುರಂಗಗಳು ಸಮುದ್ರದ ತಳದಲ್ಲಿ ಒಂದು ಮೈಲಿಗೂ ಮಿಗಿಲಾಗಿ ಚಾಚಿದವು. ಆಳ ಹೆಚ್ಚಿದಂತೆ, ಪಾಳಿ ಮುಗಿಸಿದ ಗಣಿಗಾರರು ಏಣಿಗಳನ್ನು ಹತ್ತಿ ಮೇಲೆ ಬರುವುದೇ ಇನ್ನೊಂದು ಪಾಳಿಯಷ್ಟು ಶ್ರಮವಾಗುತ್ತಿತ್ತು. ಇದರ ಪರಿಹಾರವಾಗಿ ಮೈಕೆಲ್ ಲೋಮ್ ಎಂಬ ಯಂತ್ರಶಿಲ್ಪಿ 1842ರಲ್ಲಿ ಟ್ರೆಸಾವಿಯನ್ ಗಣಿಯಲ್ಲಿ ಮನುಷ್ಯರನ್ನು ಏರಿಸಿ ಇಳಿಸುವ ಯಂತ್ರವನ್ನು ಸ್ಥಾಪಿಸಿದನು. ಬಾವಿಯ ಉದ್ದಕ್ಕೂ ಇಳಿಬಿಟ್ಟ ಮರದ ತೊಲೆ. ಅದಕ್ಕೆ ಸುಮಾರು 12 ಅಡಿಗೊಂದು ಮೆಟ್ಟಿಲು. ಬಾವಿಯ ಗೋಡೆಯಲ್ಲಿ ಅಷ್ಟೇ ಅಂತರದ ಅಟ್ಟಣೆಗಳು. ಉಗಿಯಂತ್ರವು ತೊಲೆಯನ್ನು 12 ಅಡಿ ಎತ್ತಿದಾಗ ಗಣಿಗಾರನು ಅಟ್ಟಣೆಗೆ ಕಾಲಿಡಬೇಕು. ತೊಲೆ ಇಳಿದು ಬಂದಾಗ ಮುಂದಿನ ಮೆಟ್ಟಿಲಿಗೆ ಕಾಲಿಡಬೇಕು. ಹೀಗೆ ಕತ್ತಲಲ್ಲಿ ನೂರಾರು ಅಡಿ. ಇಷ್ಟಾದರೂ ಏಣಿಗಿಂತ ಇದು ಎಷ್ಟೋ ಲೇಸೆಂದು ಗಣಿಗಾರರೇ ಹರ್ಷಿಸಿದರು. ಆದರೆ ಖರ್ಚಿಗೆ ಹೆದರಿ ಹೆಚ್ಚಿನ ಗಣಿಗಳು ಇದನ್ನು ಹಾಕಿಸಲೇ ಇಲ್ಲ.

ಲೆವಾಂಟ್ 1857ರಲ್ಲಿ ಹಾಕಿಸಿತು. 1919ರ ಅಕ್ಟೋಬರ್ 20ರಂದು, ಪಾಳಿ ಮುಗಿಸಿದ ನೂರಕ್ಕೂ ಹೆಚ್ಚು ಮಂದಿ ತೊಲೆಯ ಮೇಲಿದ್ದಾಗ, ತುದಿಯಲ್ಲಿ ಅದನ್ನು ಯಂತ್ರಕ್ಕೆ ಬಂಧಿಸಿದ್ದ ಲೋಹದ ಕೊಂಡಿ ಮುರಿಯಿತು. ತೊಲೆ ಕುಸಿದು, ಅಟ್ಟಣೆಗಳನ್ನು ಒಡೆದುಕೊಂಡು ಬಾವಿಯೊಳಗೆ ಬಿದ್ದಿತು. 31 ಜನ ಸತ್ತರು. ಕೊಂಡಿಯ ದೋಷ ಕಣ್ಣಿಗೆ ಕಾಣುವಂಥದಾಗಿರಲಿಲ್ಲ ಎಂದು ಯಾರಾದರೂ ವಾದಿಸಿದರೆ ನಾನು ಅಲ್ಲಗಳೆಯಲು ಹೋಗುವುದಿಲ್ಲ. ನಾನು ಕೇಳುವುದಿಷ್ಟೆ: 62 ವರ್ಷದ ಯಂತ್ರವನ್ನು ಮನುಷ್ಯರ ಭಾರಕ್ಕೆ ಇನ್ನೂ ಏಕೆ ಬಳಸಲಾಗುತ್ತಿತ್ತು? ಅದೇ ಪ್ರಾಂತದ ಡೋಲ್ಕೋತ್ ಗಣಿಯಲ್ಲಿ 1910ರ ವೇಳೆಗೇ ಸುಮಾರು 3000 ಅಡಿ ಆಳದ ನೇರವಾದ ಹೊಸ ಬಾವಿಯನ್ನು ತೋಡಿಸಿದ್ದರು. ಹಣ ಹಾಕಿದರೆ ಆಗದ ಕೆಲಸವೇನಲ್ಲ ಎಂದಾಯಿತು. ಅಪಘಾತದ ಬಳಿಕ ಲೆವಾಂಟಿನ ಮಾಲೀಕರು ಯಂತ್ರಕ್ಕೆ ಬದಲಿಯನ್ನು ಹಾಕಿಸಲಿಲ್ಲ. ತೀರ ಆಳದ ಅಂತಸ್ತುಗಳನ್ನು ಕೈಬಿಟ್ಟರು. 1930ರಲ್ಲಿ ಗಣಿಯೇ ಮುಚ್ಚಿತು.

ಸತ್ತ 31 ಮಂದಿಯ ಸುದ್ದಿಯಾದರೂ ಹೊರಜಗತ್ತಿಗೆ ತಿಳಿಯಿತು. ಸುದ್ದಿಯಾಗದೆ ಸವೆದವರ ಲೆಕ್ಕ ಬೇರೆ. ಬಿಳಿಯ ಕುಲಾವಿ ಧರಿಸಿ, ಚಳಿಗಾಳಿಯಲ್ಲಿ ನಿಂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದ ಹೆಂಗಸರು ಮತ್ತು ಬಾಲಕಿಯರು ದಿನಕ್ಕೆ ಕೆಲವೇ ಪೆನ್ಸುಗಳಿಗೆ ದುಡಿದರು. ಅದಿರನ್ನು ಹುರಿದಾಗ ಹೊಗೆಗೂಡುಗಳಲ್ಲಿ ಕೂಡುತ್ತಿದ್ದ ಪಾಷಾಣವನ್ನು ಕೆರೆದು ತೆಗೆಯುವವರಿಗೆ ಇದ್ದ ರಕ್ಷಣೆಯೆಂದರೆ ಮೂಗಿಗೆ ತುರುಕಿದ ಹತ್ತಿ, ಚರ್ಮಕ್ಕೆ ಬಳಿದ ಜೇಡಿಮಣ್ಣು.

‘ಆ ಕಾಲವೇ ಹಾಗಿತ್ತು, ಯಾರಿಗೂ ತಿಳಿದಿರಲಿಲ್ಲ’ ಎಂಬ ಸಮಾಧಾನವನ್ನು ಕೆಲವರು ಮುಂದಿಡುತ್ತಾರೆ. ಇದು ಸುಳ್ಳು. 1862ರಲ್ಲಿ ಲಾರ್ಡ್ ಕಿನ್ನೇರ್ಡ್ ಅಧ್ಯಕ್ಷತೆಯಲ್ಲಿ ರಚಿತವಾದ ಆಯೋಗವು 1864ರ ವರದಿಯಲ್ಲಿಯೇ ಕೆಟ್ಟ ಗಾಳಿ ಮತ್ತು ಏಣಿಯ ಶ್ರಮ ಗಣಿಗಾರರ ಆರೋಗ್ಯವನ್ನು ಹೇಗೆ ಕೆಡಿಸುತ್ತವೆಂದು ಹೇಳಿತ್ತು. ಬಂಡೆ ಕೊರೆಯುವ ಯಂತ್ರಗಳು ಬಂದ ಮೇಲೆ ಅವುಗಳ ಧೂಳು ಶ್ವಾಸಕೋಶವನ್ನು ಕಲ್ಲಾಗಿಸತೊಡಗಿತು, ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು 1904ರಲ್ಲಿ ಅದನ್ನು ಸಪ್ರಮಾಣವಾಗಿ ತೋರಿಸಿ, ನೀರು ಸಿಂಪಡಿಸಿದರೆ ಧೂಳು ಅಡಗುವುದೆಂದರು. ಕೇವಲ ನೀರು! ತಿಳಿದಿರಲಿಲ್ಲವೆಂಬುದಕ್ಕಿಂತ, ತಿಳಿದದ್ದನ್ನು ಖರ್ಚಿನ ಕಲಮಿಗೆ ಬರೆಯಲು ಮನಸ್ಸಿರಲಿಲ್ಲವೆಂಬುದೇ ಸರಿ.

ಇದೆಲ್ಲ ದೂರದೇಶದ ಕಥೆಯೆಂದು ವಾಚಕರು ಪುಟ ತಿರುವಬಾರದು. 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಬ್ರಿಟನ್ನಿನ ತಾಮ್ರವನ್ನು ಭಾರತಕ್ಕೆ ತಂದು ಮಾರುತ್ತಿತ್ತು. ನಮ್ಮ ಹಿರಿಯರ ಹಂಡೆ ಕೊಪ್ಪರಿಗೆಗಳಲ್ಲಿ ಆ ಬಾಲಕಿಯರು ಒಡೆದ ಅದಿರಿನ ಅಂಶವೂ ಇದ್ದಿರಬಹುದು. 1866ರಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಮುಚ್ಚತೊಡಗಿದಾಗ ಆ ಜನ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಚದುರಿದರು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಕ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದರು. ಅಲ್ಲಿ ಅವರು ಮೇಲಾಳುಗಳಾದರು, ತಮಿಳು ತೆಲುಗು ಕೂಲಿಕಾರರು ಕೆಳಗಾದರು. ಹಳೆಯ ಪುಸ್ತಕವೇ ಹೊಸ ಊರಿನಲ್ಲಿ ತೆರೆಯಿತು. 2001ರ ಫೆಬ್ರವರಿ 28ರಂದು ಕೋಲಾರದ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಸೈನೈಡ್ ದಿಬ್ಬಗಳು ಮತ್ತು ಅವುಗಳ ಧೂಳು ಮಾತ್ರ ಅಲ್ಲಿಯ ನಿವಾಸಿಗಳ ಪಾಲಿಗೆ ಉಳಿದವು.

ಇಂದು ಕಾರ್ನ್‌ವಾಲಿನ ಗಣಿಭೂಮಿ ವಿಶ್ವ ಪರಂಪರೆಯ ತಾಣ. 2006ರಲ್ಲಿ ಆ ಮನ್ನಣೆ ದೊರೆಯಿತು. ಲೆವಾಂಟಿನಲ್ಲಿ 1840ರ ಉಗಿಯಂತ್ರವೊಂದನ್ನು ದುರಸ್ತಿಪಡಿಸಿ 1992ರಲ್ಲಿ ಮತ್ತೆ ಓಡಿಸಿದರು. ಯಂತ್ರಕ್ಕೆ ಎಣ್ಣೆ ಹಾಕಿ ಕಾಪಾಡುವ ಆ ಶ್ರದ್ಧೆಗೆ ನಮಸ್ಕಾರ, ಆದರೆ ಈ ಶ್ರದ್ಧೆ ಗಣಿ ನಡೆಯುತ್ತಿದ್ದಾಗ ಇದ್ದಿದ್ದರೆ! 1985ರಲ್ಲಿ ಅಂತರರಾಷ್ಟ್ರೀಯ ತವರ ಮಂಡಳಿ ದಿವಾಳಿಯೆದ್ದು, ಬೆಲೆ ಬಿದ್ದು, 1998ರಲ್ಲಿ ಸೌತ್ ಕ್ರಾಫ್ಟಿ ಎಂಬ ಕೊನೆಯ ತವರದ ಗಣಿಯೂ ಮುಚ್ಚಿತ್ತು. ಈಗ ವಿದ್ಯುನ್ಮಾನ ಉಪಕರಣಗಳ ಬೆಸುಗೆಗೆ ತವರ ಬೇಕಾಗಿದೆ; 2023ರಲ್ಲಿ ಆ ಗಣಿಯ ನೀರನ್ನು ಹೊರತೆಗೆಯುವ ಕೆಲಸ ಆರಂಭವಾಯಿತು. ಷೇರು ಕೊಳ್ಳುವವರು ಅದಿರಿನ ಶ್ರೇಣಿಯನ್ನೂ ತವರದ ಬೆಲೆಯನ್ನೂ ವಿಚಾರಿಸುತ್ತಾರೆ. ಇಳಿಯುವವನ ಶ್ವಾಸಕೋಶಕ್ಕೆ, ಅವನನ್ನು ಮೇಲೆತ್ತುವ ಹಗ್ಗದ ಸವಕಳಿಗೆ, ಗಣಿ ಮುಚ್ಚಿದ ಮರುದಿನದ ಅವನ ಅನ್ನಕ್ಕೆ ಎಷ್ಟು ಹಣ ತೆಗೆದಿರಿಸಿದ್ದೀರಿ ಎಂದು ಲಾಭಾಂಶಕ್ಕೆ ಮೊದಲು ಕೇಳಲಿ. ಆ ಪುಟವನ್ನು ಇಳಿಯುವವನ ಕೈಗೂ ಕೊಡಲಿ.