ಕಾರ್ಖಾನೆಯಿಲ್ಲದ ಕಂಪನಿಯೂ ಭೌತವಿಜ್ಞಾನವೂ

ಘನಸ್ಥಿತಿ ಭೌತವಿಜ್ಞಾನದ ಪಾಠ ಮುಗಿಯುತ್ತಿದ್ದಂತೆ ನನ್ನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಸಾರ್, ಚಿಪ್ಪುಗಳನ್ನು ಈಗ ಕಂಪ್ಯೂಟರಿನ ಮುಂದೆ ಕುಳಿತೇ ವಿನ್ಯಾಸ ಮಾಡುತ್ತಾರೆ. ಅವನ್ನು ತಯಾರಿಸುವ ಕಾರ್ಖಾನೆ ಬೇರೆ ಯಾವುದೋ ದೇಶದಲ್ಲಿರುತ್ತದೆ. ಹೀಗಿರುವಾಗ ತಂತಿಯೊಳಗೆ ಎಲೆಕ್ಟ್ರಾನು ಹೇಗೆ ಚದರಿದರೆ ನಮಗೇನು?” ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗುವಂಥದಲ್ಲ. ಗಂಟೆ ಹೊಡೆದುದರಿಂದ ಅಂದು ನಾನು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಪ್ಪನ್ನು ಯೋಜಿಸುವುದೂ ತಯಾರಿಸುವುದೂ ಒಂದೇ ಸಂಸ್ಥೆಯ ಕೆಲಸವಾಗಿದ್ದ ಕಾಲವೊಂದಿತ್ತು. ಸಿಲಿಕಾನ್ ಬಿಲ್ಲೆಗಳನ್ನು ಸಂಸ್ಕರಿಸುವ ಕಾರ್ಖಾನೆಗೆ ಅಪಾರ ಬಂಡವಾಳ ಬೇಕು. ಅಷ್ಟು ಹಣವಿಲ್ಲದವರಿಗೆ ಈ ಉದ್ಯಮದ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. 1987ನೆಯ ಇಸವಿಯಲ್ಲಿ ಮೋರಿಸ್ ಚಾಂಗ್ ಎಂಬವರು ತೈವಾನಿನಲ್ಲಿ ಟಿ.ಎಸ್.ಎಂ.ಸಿ. ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತನ್ನ ಹೆಸರಿನ ಚಿಪ್ಪನ್ನು ಮಾರದೆ, ಇತರರ ವಿನ್ಯಾಸಗಳನ್ನು ತಯಾರಿಸಿಕೊಡುವುದೇ ಅದರ ಕಸುಬು. ಅಲ್ಲಿಂದ ಮುಂದೆ, ಹಣಕ್ಕಿಂತ ವಿದ್ಯೆಯನ್ನೇ ಹೆಚ್ಚಾಗಿ ನಂಬಿದವರೂ ಚಿಪ್ ಕಂಪನಿಯನ್ನು ತೆರೆಯುವುದು ಸುಲಭವಾಯಿತು. ಇಂಥ ಕಾರ್ಖಾನೆಯಿಲ್ಲದ ಕಂಪನಿಗಳನ್ನೇ ‘ಫ್ಯಾಬ್‌ಲೆಸ್’ ಎಂದು ಕರೆಯುತ್ತಾರೆ.

ಅವುಗಳಲ್ಲಿ ಒಂದರ ಬೆಳವಣಿಗೆಯನ್ನು ನೋಡೋಣ. ತೈವಾನಿನ ರಾಜಧಾನಿ ತೈಪೆಯಲ್ಲಿ 2003ರಲ್ಲಿ ಆಲ್‌ಚಿಪ್ ಟೆಕ್ನಾಲಜೀಸ್ ಎಂಬ ಕಂಪನಿ ಹುಟ್ಟಿತು. ಅಂಗಡಿಯಲ್ಲಿ ದೊರೆಯುವ ಸಿದ್ಧ ಅಂಗಿಗೂ ದರ್ಜಿ ಅಳತೆ ತೆಗೆದು ಹೊಲಿದ ಅಂಗಿಗೂ ಇರುವ ವ್ಯತ್ಯಾಸವೇ ಸಾಮಾನ್ಯ ಚಿಪ್ಪಿಗೂ ಆಲ್‌ಚಿಪ್ಪಿನ ಚಿಪ್ಪಿಗೂ ಉಂಟು. ಚಿಪ್ಪು ಏನು ಮಾಡಬೇಕೆಂಬುದನ್ನು ಗ್ರಾಹಕನು ನಿರ್ಧರಿಸುತ್ತಾನೆ. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಎಲ್ಲೆಲ್ಲಿ ಇಡಬೇಕು, ಅವನ್ನು ಜೋಡಿಸುವ ತಂತಿಗಳನ್ನು ಹೇಗೆ ಹರಿಸಬೇಕು, ವಿದ್ಯುತ್ತನ್ನು ಮೂಲೆಮೂಲೆಗೂ ಹೇಗೆ ಮುಟ್ಟಿಸಬೇಕು ಎಂಬುದು ಕಂಪನಿಯ ಹೊಣೆ. ಬಳಿಕ ಅದು ಟಿ.ಎಸ್.ಎಂ.ಸಿ.ಯಲ್ಲಿ ತಯಾರಾಗಿ, ಕವಚ ತೊಟ್ಟು, ಪರೀಕ್ಷೆಗೊಳಪಟ್ಟು ಗ್ರಾಹಕನ ಕೈ ಸೇರುತ್ತದೆ.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ತಾಮ್ರದಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಎಲೆಕ್ಟ್ರಾನೊಂದು ಎರಡು ಘರ್ಷಣೆಗಳ ನಡುವೆ ಸರಾಸರಿ ಸುಮಾರು 40 ನ್ಯಾನೊಮೀಟರ್ ದೂರ ಸಾಗುತ್ತದೆ. ಇಂದಿನ ಚಿಪ್ಪುಗಳ ಅತಿ ಸೂಕ್ಷ್ಮ ತಂತಿಗಳ ಅಗಲ ಇದಕ್ಕಿಂತಲೂ ಕಡಿಮೆ. ಅಂಥ ತಂತಿಯಲ್ಲಿ ಎಲೆಕ್ಟ್ರಾನು ಮತ್ತೆ ಮತ್ತೆ ಗೋಡೆಗಳಿಗೇ ಬಡಿದು ಚದರುವುದರಿಂದ ರೋಧಕತೆಯು ಪಠ್ಯಪುಸ್ತಕದ ಕೋಷ್ಟಕದಲ್ಲಿ ಅಚ್ಚಾದ ಅಂಕಿಯನ್ನು ಮೀರಿ ಏರುತ್ತದೆ. ರೋಧ ಏರಿದರೆ ಸಂಕೇತ ತಡವಾಗಿ ತಲಪುತ್ತದೆ. ಇನ್ನು ಶಾಖದ ಮಾತು. ಮಿಡಿಯುವ ಚಿಪ್ಪಿನ ವಿದ್ಯುತ್ ವ್ಯಯವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದಾದ್ದರಿಂದ ವೋಲ್ಟೇಜನ್ನು ಶೇಕಡಾ 10ರಷ್ಟು ಇಳಿಸಿದರೆ ಆ ವ್ಯಯ ಶೇಕಡಾ 19ರಷ್ಟು ಇಳಿಯುತ್ತದೆ. ಆದರೆ ಟ್ರಾನ್ಸಿಸ್ಟರು ನಿಧಾನವಾಗುತ್ತದೆ. ಎಷ್ಟು ಇಳಿಸಬಹುದು, ಎಲ್ಲಿ ನಿಲ್ಲಬೇಕು? ಕಂಪ್ಯೂಟರು ಲೆಕ್ಕ ಮಾಡಿಕೊಟ್ಟೀತು. ಆ ಲೆಕ್ಕವನ್ನು ನಂಬಬಹುದೇ ಎಂದು ತೀರ್ಮಾನಿಸಬೇಕಾದವನು ಮನುಷ್ಯನು.

ತೀರ್ಮಾನ ತಪ್ಪಿದರೆ ದಂಡವೂ ದೊಡ್ಡದು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಸಿಲಿಕಾನಿನಲ್ಲಿ ಮೂಡಿದ ತಪ್ಪನ್ನು ಅಳಿಸಲಾಗದು. ಹೊಸ ಅಚ್ಚುಗಳನ್ನು ಮಾಡಿಸಿ, ತಿಂಗಳುಗಟ್ಟಲೆ ಕಾಯಬೇಕು. ಕೋಟ್ಯಂತರ ರೂಪಾಯಿ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಆದ್ದರಿಂದ ಇಂಥ ಕಂಪನಿಯಿಂದ ಗ್ರಾಹಕನು ಕೊಳ್ಳುವುದು ಬರಿಯ ನಕ್ಷೆಯನ್ನಲ್ಲ, ಚಿಪ್ಪು ಮೊದಲ ಸಲಕ್ಕೇ ಕೆಲಸ ಮಾಡುವುದೆಂಬ ಭರವಸೆಯನ್ನು. ಕಾರ್ಖಾನೆಯಿಲ್ಲದವನು ಕಾರ್ಖಾನೆಯ ಭೌತವಿಜ್ಞಾನವನ್ನು ಬಲ್ಲವನಾಗಿರದೆ ಆ ಭರವಸೆಯನ್ನು ಕೊಡಲಾರನು.

ಈ ಬಗೆಯ ವ್ಯಾಪಾರದಲ್ಲಿ ಅಪಾಯವಿಲ್ಲವೆಂದಲ್ಲ. ಆಲ್‌ಚಿಪ್ಪಿನ 2020ರ ಆದಾಯದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಂದುದು ಫೈಟಿಯಂ ಎಂಬ ಒಂದೇ ಚೀನೀ ಗ್ರಾಹಕನಿಂದ. 2021ರ ಏಪ್ರಿಲಿನಲ್ಲಿ ಅಮೆರಿಕವು ಆ ಸಂಸ್ಥೆಯನ್ನು ತನ್ನ ನಿರ್ಬಂಧದ ಪಟ್ಟಿಗೆ ಸೇರಿಸಿತು. ಆಲ್‌ಚಿಪ್ಪಿನ ಷೇರಿನ ಬೆಲೆ ಕುಸಿಯಿತು. ಕಾರ್ಖಾನೆ ಬೇರೆಯವರದು, ಗ್ರಾಹಕನೂ ಇಲ್ಲವಾದನು; ಉಳಿದುದು ಎಂಜಿನಿಯರುಗಳು ಕಲಿತ ವಿದ್ಯೆಯೊಂದೇ. ಆ ವಿದ್ಯೆಯು ಒಬ್ಬ ಗ್ರಾಹಕನಿಗೆ ಮಾತ್ರ ಸಲ್ಲುವಂಥದಾಗಿರಲಿಲ್ಲ. ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಗಳಿಗೆ ಪ್ರತ್ಯೇಕ ಚಿಪ್ಪುಗಳು ಬೇಕೆಂದು ಬೇರೆ ಗ್ರಾಹಕರು ಬಂದರು. 2020ರಲ್ಲಿ ಸುಮಾರು 700 ಕೋಟಿ ತೈವಾನ್ ಡಾಲರುಗಳಷ್ಟಿದ್ದ ಆದಾಯವು 2024ರಲ್ಲಿ 5000 ಕೋಟಿಯನ್ನು ದಾಟಿತು. ಇದರಲ್ಲಿ ಕಾಲದ ಅನುಕೂಲವೂ ಸೇರಿದೆ, ನಿಜ. ಆದರೆ ಅನುಕೂಲವು ಬಾಗಿಲು ತಟ್ಟಿದಾಗ ಸಿದ್ಧರಾಗಿದ್ದವರಿಗಷ್ಟೇ ಅದು ಒದಗಿತು. ಟಿ.ಎಸ್.ಎಂ.ಸಿ.ಯ ಮೇಲಿನ ಅವಲಂಬನೆ ಮಾತ್ರ ಹಾಗೆಯೇ ಉಳಿದಿದೆ. ಕಾರ್ಖಾನೆಯನ್ನು ಕಟ್ಟದೆ ಉಳಿಸಿದ ಹಣಕ್ಕೆ ತೆರುವ ಬಡ್ಡಿ ಅದು.

ನಮ್ಮ ನಾಡಿಗೂ ಈ ಕತೆಗೂ ಸಂಬಂಧವುಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದ ಮೇಲೆ ಅನೇಕ ವಿದೇಶೀ ಸಂಸ್ಥೆಗಳು ಅದೇ ದಾರಿಯಲ್ಲಿ ಬಂದವು. ಸಾಂಖ್ಯ ಲ್ಯಾಬ್ಸ್‌ನಂತೆ ಸ್ವಂತ ಚಿಪ್ಪನ್ನು ರೂಪಿಸಿದ ಕಂಪನಿಗಳೂ ಬೆಂಗಳೂರಿನಲ್ಲಿ ಹುಟ್ಟಿದವು. ಆದರೆ ಅಂಥವು ವಿರಳ. ದೊಡ್ಡ ಚಿಪ್ಪಿನ ಒಂದು ಭಾಗವನ್ನು ಇನ್ನೊಬ್ಬರಿಗಾಗಿ ಬಿಡಿಸುವುದು ಒಂದು ಕೌಶಲ. ಇಡೀ ಚಿಪ್ಪಿನ ಹೊಣೆಯನ್ನು ಹೊರುವುದು ಬೇರೊಂದು ಧೈರ್ಯ. ಆ ಧೈರ್ಯಕ್ಕೆ ಬಂಡವಾಳವೂ ಬೇಕು, ಅನುಭವವೂ ಬೇಕು. ಅವೆರಡನ್ನೂ ತರಗತಿಯಲ್ಲಿ ಕೊಡಲಾಗದು. ಅಡಿಪಾಯವನ್ನು ಹಾಕಿಕೊಡಬಹುದು.

ಇಲ್ಲಿ ನನ್ನಂಥ ಅಧ್ಯಾಪಕರ ತಪ್ಪನ್ನೂ ಒಪ್ಪಿಕೊಳ್ಳಬೇಕು. ರೋಧಕತೆಯ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆಂದು ಹೇಳಿ, ಮುಂದಿನ ಪಾಠಕ್ಕೆ ಹೋದವನು ನಾನೂ ಹೌದು. ಆ ಸೂತ್ರವು ಎಲ್ಲಿಯವರೆಗೆ ನಿಜ, ಎಲ್ಲಿ ಮುರಿಯುತ್ತದೆ ಎಂಬುದನ್ನು ನಾವು ಹೇಳದಿದ್ದರೆ ‘ಇದು ನಮಗೇಕೆ’ ಎಂದು ಹುಡುಗರು ಕೇಳುವುದರಲ್ಲಿ ಆಶ್ಚರ್ಯವೇನಿದೆ?

ವಿದ್ಯಾರ್ಥಿ ಮಿತ್ರರೇ, ವಿನ್ಯಾಸದ ತಂತ್ರಾಂಶಗಳನ್ನು ಅವಶ್ಯವಾಗಿ ಕಲಿಯಿರಿ. ಆದರೆ ಇಂದಿನ ತಂತ್ರಾಂಶ ಹತ್ತು ವರ್ಷಗಳ ಮೇಲೆ ಇದೇ ರೂಪದಲ್ಲಿ ಇರಲಾರದು. ಎಲೆಕ್ಟ್ರಾನು ಮಾತ್ರ ಅಂದೂ ಇಂದಿನಂತೆಯೇ ಚದರುತ್ತಿರುತ್ತದೆ. ಅದನ್ನು ಬಲ್ಲವನು ಕಂಪ್ಯೂಟರು ಕೊಟ್ಟ ಉತ್ತರವನ್ನು ಪ್ರಶ್ನಿಸಬಲ್ಲನು. ಅಂದು ಎದ್ದು ನಿಂತು ನನ್ನನ್ನೇ ಪ್ರಶ್ನಿಸಿದ ಹುಡುಗನಿಗೆ ಅದಕ್ಕೆ ಬೇಕಾದ ಗುಣ ಈಗಾಗಲೇ ಇದೆ. ಇನ್ನು ಕೂಡಬೇಕಾದುದು ಓದು.