ಕೆಳಗೂ ಮೇಲೂ ಹೆಣ್ಣು, ನಡುವೆ?

ಅಂಚೆ ಇಲಾಖೆಯಲ್ಲಿ ಹೆಂಗಸರ ಅಧಿಕಾರ ಎದ್ದು ಕಾಣುವುದು ಎರಡು ತುದಿಗಳಲ್ಲಿ. ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿ, ಇನ್ನೊಂದು ದೆಹಲಿಯಲ್ಲಿರುವ ಇಲಾಖೆಯ ಕೇಂದ್ರ ಕಚೇರಿ, ಡಾಕ್ ಭವನ. ತುಮಕೂರು ಜಿಲ್ಲೆಯ ಹಂದನಕೆರೆ ಹೋಬಳಿಯ ಹಳ್ಳಿಯೊಂದರಲ್ಲಿ ಅಂಚೆ ಚೀಲದ ಸೀಲು ಒಡೆದು, ತಾರೀಖಿನ ಮೊಹರು ಒತ್ತಿ, ನಗದು ಎಣಿಸಿ ದಿನದ ಲೆಕ್ಕ ಮುಗಿಸುವ ಬಿಪಿಎಂ (ಶಾಖಾ ಪೋಸ್ಟ್‌ಮಾಸ್ಟರ್) ಹೆಂಗಸಾಗಿದ್ದರೆ ಇವತ್ತು ಅದು ಯಾರಿಗೂ ಸುದ್ದಿಯಲ್ಲ. ಡಾಕ್ ಭವನದಲ್ಲೂ ಹೆಂಗಸಿನ ಆಡಳಿತ ಹೊಸತಲ್ಲ. ರಾಧಿಕಾ ದೊರೈಸ್ವಾಮಿ, ಪಿ. ಗೋಪಿನಾಥ್, ಕಾವೇರಿ ಬ್ಯಾನರ್ಜಿ ಇಲಾಖೆಯ ಕಾರ್ಯದರ್ಶಿಗಳಾಗಿದ್ದರು. 2024ರಲ್ಲಿ ವಂದಿತಾ ಕೌಲ್ ಅದೇ ಸ್ಥಾನಕ್ಕೆ ಬಂದರು. ಇಡೀ ರಾಜ್ಯವನ್ನು ಒಳಗೊಂಡ ಕರ್ನಾಟಕ ಅಂಚೆ ವೃತ್ತದ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಹುದ್ದೆಯನ್ನು ಶಾರದಾ ಸಂಪತ್ ನಿಭಾಯಿಸಿದ್ದಾರೆ. ಧಾರವಾಡದಲ್ಲಿ ಕೇಂದ್ರವಿರುವ ಉತ್ತರ ಕರ್ನಾಟಕ ವಲಯಕ್ಕೆ ವೀಣಾ ಕುಮಾರಿ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದರು.

ಈ ಎರಡು ತುದಿಗಳಿಗೆ ಬಾಗಿಲು ಬೇರೆ ಬೇರೆ. ಡಾಕ್ ಭವನಕ್ಕೆ ಹೋದವರು ಯುಪಿಎಸ್‌ಸಿ ಪರೀಕ್ಷೆ ಬರೆದು ಭಾರತೀಯ ಅಂಚೆ ಸೇವೆಗೆ ನೇರವಾಗಿ ಸೇರಿದವರು. ಹಳ್ಳಿಯ ಬಿಪಿಎಂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಗ್ರಾಮೀಣ ಡಾಕ್ ಸೇವಕಿಯಾಗಿ ಬಂದವರು. ಇಲಾಖೆಯಲ್ಲಿ ಹೆಣ್ಣಿನ ನಾಯಕತ್ವದ ಮಾತು ಬಂದಾಗಲೆಲ್ಲ ಮೇಲಿನ ಹೆಸರುಗಳನ್ನು ಹೇಳಿ ಮುಗಿಸುವುದು ರೂಢಿ. ನೋಡಬೇಕಾದದ್ದು ಕೆಳಗಿನಿಂದ ಹೊರಟವರು ಎಲ್ಲಿ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎಂಬುದನ್ನು.

ದೇಶದಲ್ಲಿರುವ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಹಳ್ಳಿಗಾಡಿನವು. ಅವುಗಳಲ್ಲಿ ಬಹುಪಾಲು ಶಾಖಾ ಕಚೇರಿಗಳು. ಬಹಳ ಕಾಲ ಇವು ನಡೆದದ್ದು ಊರಿನ ಮೇಷ್ಟ್ರು, ಅಂಗಡಿಯವರು, ಪಿಂಚಣಿದಾರರು, ಜಮೀನಿದ್ದವರ ಕೈಯಲ್ಲಿ. ಇಲಾಖೇತರ ನೌಕರ ಎಂಬ ಹೆಸರಿನ ಆ ವ್ಯವಸ್ಥೆಯ ತಿರುಳು ಇಷ್ಟೇ: ಬದುಕಿಗೆ ಬೇರೆ ಆಸರೆ ಇರುವವರು ದಿನಕ್ಕೆ ಕೆಲವು ಗಂಟೆ ಅಂಚೆಯ ಕೆಲಸ ನೋಡಿಕೊಳ್ಳುವುದು, ಇಲಾಖೆ ಅದಕ್ಕೆ ಸಣ್ಣ ಭತ್ಯೆ ಕೊಡುವುದು. ಹೀಗಾಗಿ ನೇಮಕದ ವೇಳೆ ಆದಾಯ ಮತ್ತು ಆಸ್ತಿಯನ್ನು ನೋಡುತ್ತಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆಸ್ತಿ ಎಂದರೆ ತೆಂಗಿನ ತೋಟ. ತೋಟದಲ್ಲಿ ಕಾಯಿ ಆಯುವವಳು, ಸೋಗೆ ಹೆಣೆಯುವವಳು, ಗರಿ ಸೀಳಿ ಪೊರಕೆ ಕಟ್ಟುವವಳು ಹೆಣ್ಣಾದರೂ ಪಹಣಿಯಲ್ಲಿ ಹೆಸರು ಅಪ್ಪನದೋ ಗಂಡನದೋ ಮಾವನದೋ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ ತಂದದ್ದು 1994ರಲ್ಲಿ. ಕೇಂದ್ರದ ಕಾನೂನು ಬದಲಾದದ್ದು 2005ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಕೂರುವುದಿಲ್ಲ ಎನ್ನುವುದು ಬೇರೆ ಮಾತು. ಅಂಚೆ ಇಲಾಖೆ ಹೆಂಗಸು ಬೇಡವೆಂದು ಎಲ್ಲೂ ಬರೆಯಬೇಕಾಗಿರಲಿಲ್ಲ. ಆಸ್ತಿ ಕೇಳಿದರೆ ಸಾಕಾಗಿತ್ತು.

ಈಗ ಗ್ರಾಮೀಣ ಡಾಕ್ ಸೇವಕರೆನಿಸಿಕೊಂಡಿರುವ ಈ ಇಲಾಖೇತರ ನೌಕರರಿಗೆ ಕಾನೂನಿನ ಕಣ್ಣಲ್ಲಿ ಒಂದು ಸ್ಥಾನ ಸಿಕ್ಕಿದ್ದು 1977ರಲ್ಲಿ. ಅಂಚೆ ಅಧೀಕ್ಷಕರು ಮತ್ತು ಪಿ.ಕೆ. ರಾಜಮ್ಮ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಇಲಾಖೇತರ ನೌಕರರದ್ದೂ ನಾಗರಿಕ ಹುದ್ದೆಯೇ, ಸಂವಿಧಾನದ 311ನೇ ವಿಧಿಯ ರಕ್ಷಣೆಯಿಲ್ಲದೆ ಅವರನ್ನು ಮನೆಗೆ ಕಳಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ದೇಶದ ಲಕ್ಷಾಂತರ ಹಳ್ಳಿ ಅಂಚೆ ನೌಕರರು ಇಂದಿಗೂ ಆಧಾರವಾಗಿ ಎತ್ತಿ ಹೇಳುವ ತೀರ್ಪು ಒಬ್ಬ ಹೆಂಗಸಿನ ಹೆಸರಿನಲ್ಲಿದೆ. ಮಹಿಳಾ ದಿನದ ಭಾಷಣಗಳಲ್ಲಿ ಈ ಹೆಸರು ಕೇಳಿಬರುವುದು ಅಪರೂಪ.

ನಿಜವಾದ ತಿರುವು ತಂದದ್ದು ನೇಮಕಾತಿಯ ರೀತಿಯಲ್ಲಾದ ಬದಲಾವಣೆ. ಕಳೆದ ದಶಕದ ಉತ್ತರಾರ್ಧದಿಂದ ಅರ್ಜಿ ಆನ್‌ಲೈನ್ ಆಯಿತು. ಸಂದರ್ಶನವಿಲ್ಲ, ಶಿಫಾರಸಿಗೆ ದಾರಿಯಿಲ್ಲ. ಹತ್ತನೇ ತರಗತಿಯ ಅಂಕಗಳ ಮೇಲೆ ಕಂಪ್ಯೂಟರೇ ಪಟ್ಟಿ ತೆಗೆಯುತ್ತದೆ. ವಯಸ್ಸು 18ರಿಂದ 40. ಸ್ಥಳೀಯ ಭಾಷೆಯನ್ನು ಶಾಲೆಯಲ್ಲಿ ಓದಿರಬೇಕು. ಹೆಂಗಸರಿಗೆ ಅರ್ಜಿ ಶುಲ್ಕವಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹುಡುಗಿಯರು ವರ್ಷವರ್ಷವೂ ಮುಂದಿರುವ ರಾಜ್ಯದಲ್ಲಿ ಅಂಕವೇ ಅಳತೆಯಾದಾಗ ಏನಾಗಬೇಕೋ ಅದೇ ಆಯಿತು. ಮಹಿಳಾ ಮೀಸಲಾತಿಯ ಘೋಷಣೆಯಿಲ್ಲದೆ, ಸದ್ದಿಲ್ಲದೆ, ಶಾಖಾ ಕಚೇರಿಯ ಕುರ್ಚಿಗೆ ಹುಡುಗಿಯರು ಬಂದು ಕೂತರು. ಇಲ್ಲೊಂದು ತೊಡಕೂ ಇದೆ. ಯಾವ ಜಿಲ್ಲೆಯವರೂ ಅರ್ಜಿ ಹಾಕಬಹುದಾದ್ದರಿಂದ ದೂರದ ಜಿಲ್ಲೆಯ ಹುಡುಗಿಗೆ ತುಮಕೂರು ಜಿಲ್ಲೆಯ ಯಾವುದೋ ಹಳ್ಳಿ ಸಿಗಬಹುದು. ಬಿಪಿಎಂ ಆದವರು ಕಚೇರಿ ಇರುವ ಊರಿನಲ್ಲೇ ವಾಸ ಮಾಡಬೇಕು, ಕಚೇರಿಗೆ ಜಾಗವನ್ನೂ ಅವರೇ ಒದಗಿಸಬೇಕು. ಇಪ್ಪತ್ತೆರಡರ ಹುಡುಗಿಯೊಬ್ಬಳು ಗೊತ್ತಿಲ್ಲದ ಊರಿನಲ್ಲಿ ಬಾಡಿಗೆಗೆ ಮನೆ ಹಿಡಿದು ಅದರ ಮುಂದಿನ ಕೋಣೆಯಲ್ಲಿ ಸರ್ಕಾರದ ನಗದು ಇಟ್ಟುಕೊಂಡು ಕೂರುವುದು ಎಂದರೆ ಏನೆಂದು ನಿಯಮ ಬರೆದವರು ಯೋಚಿಸಿದಂತಿಲ್ಲ.

ಬಿಪಿಎಂ ಕೆಲಸದ ವ್ಯಾಪ್ತಿ ಈಗ ಕಾಗದ ಹಂಚುವುದನ್ನು ದಾಟಿ ಬಹಳ ದೂರ ಬಂದಿದೆ. ಉಳಿತಾಯ ಖಾತೆ, ಆರ್‌ಡಿ, ಸುಕನ್ಯಾ ಸಮೃದ್ಧಿ, 1995ರಲ್ಲಿ ಆರಂಭವಾದ ಗ್ರಾಮೀಣ ಅಂಚೆ ಜೀವ ವಿಮೆ, ನರೇಗಾ ಕೂಲಿ, ಸಾಮಾಜಿಕ ಭದ್ರತಾ ಪಿಂಚಣಿ, ಹೀಗೆ ಒಂದರ ಮೇಲೊಂದು ಸೇರಿದವು. 2017ರ ದರ್ಪಣ್ ಯೋಜನೆಯಲ್ಲಿ ವ್ಯವಹಾರ ದಾಖಲಿಸುವ ಯಂತ್ರ ಕೈಗೆ ಬಂತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಆರಂಭವಾದ ಮೇಲೆ ಬೆರಳೊತ್ತಿದರೆ ಬೇರೆ ಬ್ಯಾಂಕಿನ ಖಾತೆಯಿಂದಲೂ ಹಣ ಬಿಡಿಸಿಕೊಡುವ ಸೌಲಭ್ಯ ಸೇರಿತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ಆಧಾರ್ ಜೋಡಣೆಯಾದ ಖಾತೆ ಇಲ್ಲದ ಹೆಂಗಸರಲ್ಲಿ ಹಲವರು ಬಂದದ್ದು ಅಂಚೆ ಕಚೇರಿಗೆ.

ತೆಂಗಿನ ಸೀಮೆಯಲ್ಲಿ ಈ ಕುರ್ಚಿಯಲ್ಲಿ ಹೆಂಗಸು ಕೂತಿರುವುದಕ್ಕೆ ಬೇರೆಯೇ ತೂಕವಿದೆ. ಇಲ್ಲಿನ ದೊಡ್ಡ ದುಡ್ಡು ಉಂಡೆ ಕೊಬ್ಬರಿಯದು. ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿ, ಸುಲಿಸಿ ಒಡೆಸಿ ತಿಪಟೂರಿನ ಮಾರುಕಟ್ಟೆಗೆ ಹೋದ ಮೇಲೆ ಬರುವ ಹಣ ಅದು. ಬರುವುದು ಇಡಿಗಂಟಾಗಿ, ಸಾಮಾನ್ಯವಾಗಿ ಗಂಡಸಿನ ಖಾತೆಗೆ. ಪೊರಕೆ ಕಡ್ಡಿ, ಹಾಲು, ಕೂಲಿ, ಸಂಘದ ಸಾಲ, ಈಗ ಗೃಹಲಕ್ಷ್ಮಿಯ ಎರಡು ಸಾವಿರ, ಇವು ಚಿಲ್ಲರೆಯಾಗಿ ಹೆಂಗಸಿನ ಕೈಗೆ ಬರುವ ದುಡ್ಡು. ತಿಂಗಳು ತಿಂಗಳು ಕಟ್ಟುವ ಆರ್‌ಡಿಗೆ ಹೊಂದುವುದು ಕೊಬ್ಬರಿಯ ಹಣವಲ್ಲ, ಈ ಚಿಲ್ಲರೆಯೇ. ಅದನ್ನು ಮನೆಯವರ ಕಣ್ಣಿಗೆ ಬೀಳದಂತೆ ಕೂಡಿಡಬೇಕೆನ್ನುವವಳು ಕೌಂಟರಿನ ಆಚೆ ತನ್ನಂಥವಳೇ ಇದ್ದರೆ ಪಾಸ್‌ಬುಕ್ಕನ್ನು ನಂಬಿ ಕೊಡುತ್ತಾಳೆ. ಬಿಪಿಎಂಗಳು ಪಾಸ್‌ಬುಕ್ಕಿನಲ್ಲಿ ಬರೆದು ಲೆಕ್ಕಕ್ಕೆ ತರದೆ ಹಣ ನುಂಗಿದ ಪ್ರಕರಣಗಳು ಇಲಾಖೆಯ ಹಳೆಯ ರೋಗವಾದ್ದರಿಂದ ಆ ನಂಬಿಕೆ ಸಣ್ಣ ಸಂಗತಿಯಲ್ಲ.

ಇಷ್ಟು ಹೊಣೆಗೆ ಇಲಾಖೆ ಕೊಡುವುದೇನು? ಡಾಕ್ ಸೇವಕರ ಭತ್ಯೆಯನ್ನು ಪರಿಶೀಲಿಸಲು ನೇಮಿಸಿದ ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಎರಡು ವರ್ಷ ಕಾದ ಡಾಕ್ ಸೇವಕರು 2018ರ ಮೇ 22ರಿಂದ ದೇಶದಾದ್ಯಂತ ಮುಷ್ಕರ ಹೂಡಿದರು. ಜೂನ್‌ನಲ್ಲಿ ಕೇಂದ್ರ ಸಂಪುಟ 3.07 ಲಕ್ಷ ಡಾಕ್ ಸೇವಕರ ಭತ್ಯೆ ಏರಿಸಿತು. ಬಿಪಿಎಂಗೆ ನಾಲ್ಕು ಗಂಟೆಯ ಕೆಲಸಕ್ಕೆ 12,000, ಐದು ಗಂಟೆಯ ಕೆಲಸಕ್ಕೆ 14,500 ಮೂಲ ಭತ್ಯೆ ಎಂದಾಯಿತು, ತುಟ್ಟಿಭತ್ಯೆ ಬೇರೆ. ಹೆಂಗಸರಿಗೆ 180 ದಿನಗಳ ಹೆರಿಗೆ ರಜೆ ಬಂತು. ವರ್ಗಾವಣೆಯಲ್ಲೂ ಗಂಡಸಿಗೆ ಒಂದು, ಹೆಂಗಸಿಗೆ ಎರಡು ಅವಕಾಶವೆಂದು ಆಗ ನಿಯಮ ಮಾಡಿದರು. ಮದುವೆಯಾದರೆ ಊರು ಬಿಡಬೇಕಾದವಳು ಹೆಣ್ಣು, ಕೆಲಸ ಮಾತ್ರ ಊರಿಗೆ ಕಟ್ಟಿಹಾಕಿದ್ದು ಎಂಬ ಕಷ್ಟ ಕಡತಕ್ಕೆ ಹೋದದ್ದು ಹೀಗೆ. ಪಿಂಚಣಿ ಮಾತ್ರ ಈಗಲೂ ಇಲ್ಲ. ಕಾಗದದ ಮೇಲೆ ಐದು ಗಂಟೆ ಮೀರದ ಕೆಲಸ, ಕಚೇರಿ ಮನೆಯಲ್ಲೇ ಇರುವುದರಿಂದ ರಾತ್ರಿ ಊಟದ ಹೊತ್ತಿಗೂ ಬಾಗಿಲು ಬಡಿಯುತ್ತದೆ. ಖಾತೆ ಇಷ್ಟು, ವಿಮೆ ಇಷ್ಟು ಎಂಬ ಗುರಿ ಮೇಲಿನಿಂದ ಇಳಿಯುತ್ತದೆ. ಅದನ್ನು ಬೇಡ ಎನ್ನುವ ಅಧಿಕಾರ ಆ ಕುರ್ಚಿಗಿಲ್ಲ. ಹೊಣೆ ಪೂರ್ತಿ ಕೊಟ್ಟು ತೀರ್ಮಾನ ಒಂದನ್ನೂ ಕೊಡದ ಹುದ್ದೆಯನ್ನು ನಾಯಕತ್ವ ಎಂದು ಕರೆಯುವುದು ಇಲಾಖೆಗೆ ಅನುಕೂಲದ ಮಾತು.

ಇಲ್ಲಿಂದ ಮೇಲೆ ಹೋಗಲು ದಾರಿ ಇದೆ. ಡಾಕ್ ಸೇವಕಿ ಇಲಾಖಾ ಪರೀಕ್ಷೆ ಬರೆದು ಎಂಟಿಎಸ್ (ಬಹುಕಾರ್ಯ ಸಿಬ್ಬಂದಿ) ಅಥವಾ ಪೋಸ್ಟ್‌ಮನ್ ಆಗಬಹುದು. ಮುಂದೆ ಪೋಸ್ಟಲ್ ಅಸಿಸ್ಟೆಂಟ್, ಅಲ್ಲಿಂದ ಎಲ್‌ಎಸ್‌ಜಿ, ಎಚ್‌ಎಸ್‌ಜಿ ಎಂಬ ಆಯ್ಕೆ ದರ್ಜೆಗಳ ಪೋಸ್ಟ್‌ಮಾಸ್ಟರ್, ಅಥವಾ ಇನ್ನೊಂದು ಪರೀಕ್ಷೆ ಪಾಸು ಮಾಡಿ ಇನ್‌ಸ್ಪೆಕ್ಟರ್. ನಾಯಕತ್ವ ನಿಜವಾಗಿ ನಡೆಯುವುದು ಈ ನಡುವಿನ ಹುದ್ದೆಗಳಲ್ಲಿ. ಯಾವ ಶಾಖಾ ಕಚೇರಿಗೆ ಆಳು ಬೇಕು, ಯಾರ ರಜೆಗೆ ಬದಲಿ ಯಾರು, ಯಾವ ಬಿಪಿಎಂ ಲೆಕ್ಕದ ಮೇಲೆ ಕಣ್ಣಿಡಬೇಕು ಎಂಬುದನ್ನು ನೋಡುವವರು ಉಪವಿಭಾಗದ ಇನ್‌ಸ್ಪೆಕ್ಟರ್. ಹಳ್ಳಿಯವರಿಗೆ ಇಲಾಖೆಯೆಂದರೆ ಅವರೇ, ಡಾಕ್ ಭವನವಲ್ಲ.

ದಾರಿ ಇದ್ದರೂ ನಡೆಯುವವರು ಕಡಿಮೆಯಾಗುವುದಕ್ಕೆ ಕಾರಣ ಪರೀಕ್ಷೆಯ ಕಷ್ಟವಲ್ಲ. ಬಡ್ತಿ ಎಂದರೆ ಊರು ಬದಲು. ತಿಪಟೂರು ಪ್ರಧಾನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅಸಿಸ್ಟೆಂಟ್ ಒಬ್ಬರಿಗೆ ಬಡ್ತಿ ಬಂದರೆ ಸಿಗುವ ಜಾಗ ದೂರದ ಊರಿನ, ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಉಪ ಅಂಚೆ ಕಚೇರಿಯೂ ಆಗಬಹುದು. ಅಲ್ಲಿ ರಜೆ ಹಾಕಲು ಬದಲಿ ಸಿಗುವುದು ಕಷ್ಟ, ನಗದಿನ ಹೊಣೆ ತಲೆಯ ಮೇಲೆ. ಇತ್ತ 10, 20, 30 ವರ್ಷದ ಸೇವೆಗೆ ಎಂಎಸಿಪಿ ಎಂಬ ಖಾತರಿ ವೇತನ ಏರಿಕೆ ಯೋಜನೆಯ ಲೆಕ್ಕದಲ್ಲಿ ಸಂಬಳ ತಾನಾಗಿ ಏರುವುದರಿಂದ, ಆ ಏರಿಕೆಯನ್ನು ಆಗಲೇ ಪಡೆದವರಿಗೆ ಬಡ್ತಿಯಿಂದ ಕೈಗೆ ಹತ್ತುವ ಹೆಚ್ಚಿನ ಹಣ ಅಷ್ಟಕ್ಕಷ್ಟೆ. ಮಕ್ಕಳ ಶಾಲೆ, ಅತ್ತೆಯ ಔಷಧಿ, ಗಂಡನ ಕೆಲಸ ಇದೇ ಊರಿನಲ್ಲಿರುವಾಗ ಬಡ್ತಿ ಬೇಡವೆಂದು ಬರೆದುಕೊಡುವುದು ಲೆಕ್ಕ ಬಲ್ಲವಳ ತೀರ್ಮಾನ. ಇದನ್ನು ಮಹತ್ವಾಕಾಂಕ್ಷೆಯ ಕೊರತೆ ಎಂದು ಓದುವ ಅಧಿಕಾರಿಗಳು ಗಂಡಸರ ಬಡ್ತಿಯ ಹಿಂದೆ ಮನೆ ನೋಡಿಕೊಳ್ಳುವವರು ಯಾರಿದ್ದರು ಎಂದು ಒಮ್ಮೆ ಕೇಳಿಕೊಳ್ಳಬಹುದು.

ತಿರುಗಾಟದ ನೆಪ ಬಹಳ ಹಳೆಯದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1775ರಿಂದ ಪೋಸ್ಟ್‌ಮಾಸ್ಟರ್ ಆಗಿದ್ದ ಮೇರಿ ಕ್ಯಾಥರೀನ್ ಗಾಡರ್ಡ್ ಮುದ್ರಣಾಲಯವನ್ನೂ ನಡೆಸುತ್ತಿದ್ದರು. ಸಹಿ ಹಾಕಿದವರ ಹೆಸರುಗಳೊಂದಿಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಚ್ಚು ಹಾಕಿದವರು ಅವರೇ. 1789ರಲ್ಲಿ ಅವರನ್ನು ಹುದ್ದೆಯಿಂದ ತೆಗೆದರು. ಕೊಟ್ಟ ಕಾರಣ, ಇನ್ನು ಮುಂದೆ ಈ ಕೆಲಸಕ್ಕೆ ಹೆಚ್ಚು ಪ್ರಯಾಣ ಬೇಕು, ಅದು ಹೆಂಗಸಿನಿಂದ ಆಗದು ಎಂಬುದು. ಊರಿನ ಇನ್ನೂರಕ್ಕೂ ಹೆಚ್ಚು ಜನ ಸಹಿ ಹಾಕಿ ಮನವಿ ಕೊಟ್ಟರೂ, ಗಾಡರ್ಡ್ ಸ್ವತಃ ಅಧ್ಯಕ್ಷ ವಾಷಿಂಗ್ಟನ್ನರಿಗೆ ಬರೆದರೂ ಹುದ್ದೆ ಮರಳಲಿಲ್ಲ. ಆ ದೇಶಕ್ಕೆ ಮೊದಲ ಮಹಿಳಾ ಪೋಸ್ಟ್‌ಮಾಸ್ಟರ್ ಜನರಲ್ ಆಗಿ ಮೇಗನ್ ಬ್ರೆನನ್ ಬಂದದ್ದು 2015ರಲ್ಲಿ. ನಮ್ಮ ಡಾಕ್ ಸೇವಕರ ನೇಮಕಾತಿ ಪ್ರಕಟಣೆಯಲ್ಲಿ ಸೈಕಲ್ ತುಳಿಯಲು ಬರಬೇಕೆಂಬ ಷರತ್ತಿದೆ, ಸ್ಕೂಟರ್ ಬಂದರೂ ನಡೆಯುತ್ತದೆ. ತೋಟದ ಕಾಲುದಾರಿಗಳಲ್ಲಿ ಸ್ಕೂಟಿ ಓಡಿಸುವ ಹೆಂಗಸರ ಕಾಲದಲ್ಲಿ ಈ ಷರತ್ತು ಯಾರನ್ನೂ ತಡೆಯುವುದಿಲ್ಲ. ತಡೆಯುವುದು ಊರು ಬದಲಿಸುವ ಆದೇಶ.

ಮೇಲಿನ ತುದಿಯೂ ಸುಮ್ಮನೆ ತೆರೆದದ್ದಲ್ಲ. ಮದುವೆಯಾದ ಹೆಂಗಸಿಗೆ ನೇಮಕದ ಹಕ್ಕಿಲ್ಲ ಎಂಬ ನಿಯಮ ಸ್ವತಂತ್ರ ಭಾರತದ ಉನ್ನತ ಸೇವೆಗಳಲ್ಲೂ ಇತ್ತು. ವಿದೇಶಾಂಗ ಸೇವೆಯಲ್ಲಿ ಅದನ್ನು ಕೋರ್ಟಿಗೆ ಎಳೆದವರು ಕೊಡಗಿನ ಸಿ.ಬಿ. ಮುತ್ತಮ್ಮ, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮದ ಹಿಂದಿನ ಮನೋಭಾವವನ್ನು ಕಟುವಾಗಿಯೇ ಟೀಕಿಸಿದರು. ಇಂಥ ಜಗಳಗಳ ಫಲವಾಗಿ ನೇರ ನೇಮಕದ ಬಾಗಿಲು ಅಗಲವಾಯಿತು. ಅಲ್ಲಿಂದ ಒಳಬಂದವರಿಗೂ ವರ್ಗಾವಣೆ ಇದ್ದೇ ಇದೆ, ಆದರೆ ಜೊತೆಗೆ ಬಂಗಲೆ, ಕಾರು, ಸಂಬಳವೂ ಬರುತ್ತವೆ. ಕೌಂಟರಿನ ಅಸಿಸ್ಟೆಂಟಿಗೆ ಬರುವುದು ವರ್ಗಾವಣೆ ಮಾತ್ರ.

2013ರ ಮಾರ್ಚ್ 8ರಂದು ದೆಹಲಿಯ ಶಾಸ್ತ್ರಿ ಭವನದಲ್ಲಿ ದೇಶದ ಮೊದಲ ಮಹಿಳಾ ಅಂಚೆ ಕಚೇರಿಯನ್ನು ಆಗಿನ ಸಚಿವ ಕಪಿಲ್ ಸಿಬಲ್ ಉದ್ಘಾಟಿಸಿದರು. ಪೋಸ್ಟ್‌ಮಾಸ್ಟರ್‌ನಿಂದ ಹಿಡಿದು ಎಲ್ಲರೂ ಹೆಂಗಸರು. ಆಮೇಲೆ ಬೇರೆ ಊರುಗಳಲ್ಲೂ ಇಂಥವು ತೆರೆದವು. ಫೋಟೊಗೆ ಒಳ್ಳೆಯದು; ಗ್ರಾಹಕರಿಗೂ ತೊಂದರೆಯೇನಿಲ್ಲ. ಆದರೆ ಹೆಂಗಸರೇ ಇರುವ ಕಚೇರಿಯನ್ನು ಒಬ್ಬ ಹೆಂಗಸು ನಡೆಸುವುದಕ್ಕಿಂತ, ಗಂಡಸರೂ ಹೆಂಗಸರೂ ಕೂಡಿರುವ ಉಪವಿಭಾಗವನ್ನು ಅವಳು ನಡೆಸುವುದು ದೊಡ್ಡ ಬದಲಾವಣೆ. ಅದಕ್ಕೆ ರಿಬ್ಬನ್ನು ಕತ್ತರಿಸಬೇಕಿಲ್ಲ. ಬಡ್ತಿಯ ಮೊದಲ ಮೆಟ್ಟಿಲನ್ನಾದರೂ ಅದೇ ವಿಭಾಗದೊಳಗೆ ಕೊಡುವುದು, ಒಬ್ಬರೇ ಇರುವ ಕಚೇರಿಗಳಿಗೆ ರಜೆಯ ಬದಲಿಯನ್ನು ಮೊದಲೇ ಗೊತ್ತುಮಾಡುವುದು, ಡಾಕ್ ಸೇವಕಿಯಾಗಿ ಸೇರಿದವಳಿಗೆ ಇಲಾಖಾ ಪರೀಕ್ಷೆಯ ತರಬೇತಿಯನ್ನು ತಾಲ್ಲೂಕು ಕೇಂದ್ರದಲ್ಲೇ ಒದಗಿಸುವುದು, ಇವೆಲ್ಲ ವೃತ್ತ ಮತ್ತು ವಲಯದ ಕಚೇರಿಗಳು ಮನಸ್ಸು ಮಾಡಿದರೆ ಆಗುವ ಕೆಲಸಗಳು. ಕರ್ನಾಟಕ ವೃತ್ತಕ್ಕೆ ಹೊಸ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿ ನೋಡಿದ ಅನುಭವವೂ ಇದೆ. ಮೈಸೂರಿನ ಅಂಚೆ ತಂತ್ರಜ್ಞಾನ ಕೇಂದ್ರ ರೂಪಿಸಿದ ಹೊಸ ತಂತ್ರಾಂಶವನ್ನು 2025ರಲ್ಲಿ ದೇಶಕ್ಕೆಲ್ಲ ಹರಡುವ ಮುನ್ನ ಪರೀಕ್ಷಿಸಿದ್ದು ಇದೇ ವೃತ್ತದಲ್ಲಿ. ವಿಭಾಗದೊಳಗಿನ ಬಡ್ತಿಯನ್ನೂ ತುಮಕೂರು ವಿಭಾಗದಂಥ ಒಂದು ಕಡೆ ಕೆಲವು ವರ್ಷ ನಡೆಸಿ ನೋಡಲು ಅಡ್ಡಿಯಿಲ್ಲ.